ಕರುಳಿನ ಒಲೆ, ಒಲೆಯ ಕಿಡಿ

ಕಳೆದ ವಾರ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನ ತಂದೆ ಹಿರೇಬೆಂಡಿಗೇರಿಯ ನಮ್ಮ ಮನೆಗೆ ಒಂದು ಡಬ್ಬಿ ಹಿಡಿದುಕೊಂಡು ಬಂದರು. "ಸರ, ಈ ಪುಡಿ ಕುಡದ್ರ ಕ್ಯಾನ್ಸರ್ ಬರೂದಿಲ್ಲಂತ. ಇದರಾಗ ಆಂಟಿಆಕ್ಸಿಡಂಟ್ ಐತೆಂತ. ಖರೇ ಏನ್ರಿ?" ಎಂದು ಕೇಳಿದರು. ಡಬ್ಬಿಯ ಬೆಲೆ ಅವರ ನಾಲ್ಕು ದಿನದ ಕೂಲಿ. ಯಾಕೆ ಕೊಂಡಿರಿ ಎಂದಾಗ, ಮೂರು ತಿಂಗಳಿಂದ ಮಲದಲ್ಲಿ ರಕ್ತ ಬೀಳುತ್ತಿದೆ, ಮೂಲವ್ಯಾಧಿ ಇರಬೇಕೆಂದು ಸುಮ್ಮನಿದ್ದೇನೆ ಎಂದು ಸಂಕೋಚದಿಂದ ಹೇಳಿದರು. ಅವರಿಗೆ ಹೇಳಿದ್ದನ್ನೇ ಇಂದು ನಿಮಗೂ ಹೇಳುತ್ತೇನೆ.

ವಿದ್ಯಾರ್ಥಿ ಮಿತ್ರರೇ, ಉಸಿರಾಟದ ಪಾಠ ನೆನಪಿದೆಯಲ್ಲವೆ? ನಮ್ಮ ಜೀವಕೋಶದೊಳಗಿನ ಮೈಟೋಕಾಂಡ್ರಿಯ ಒಂದು ಒಲೆಯಿದ್ದಂತೆ. ಗ್ಲೂಕೋಸ್ ಅಲ್ಲಿ ಆಮ್ಲಜನಕದೊಡನೆ ಉರಿದು ಶಕ್ತಿ ಕೊಡುತ್ತದೆ. ಒಲೆ ಎಂದ ಮೇಲೆ ಕಿಡಿ ಹಾರಲೇಬೇಕು. ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮುಂತಾದವು ಈ ಕಿಡಿಗಳು. ಇವು ಡಿಎನ್ಎಗೆ ತಗುಲಿದರೆ ಅಲ್ಲಿಯ ಬರಹ ಕೆಡಬಹುದು. ಅದಕ್ಕೇ ದೇಹ ಒಲೆಯ ಪಕ್ಕದಲ್ಲಿ ನೀರಿನ ಕೊಡವನ್ನೂ ಇಟ್ಟುಕೊಂಡಿದೆ. ಕೆಟಲೇಸ್ ಎಂಬ ಕಿಣ್ವ, ಗ್ಲೂಟಥಯೋನ್ ಎಂಬ ವಸ್ತು ಕಿಡಿಗಳನ್ನು ಆರಿಸುತ್ತವೆ.

ಇದನ್ನು ಕಣ್ಣಾರೆ ನೋಡಬೇಕೆ? ಔಷಧಿ ಅಂಗಡಿಯಿಂದ ಹೈಡ್ರೋಜನ್ ಪೆರಾಕ್ಸೈಡ್ ತಂದು, ಪಾಲಕರ ಎದುರಿಗೇ, ಹಸಿ ಆಲೂಗಡ್ಡೆಯ ಹೋಳಿನ ಮೇಲೆ ನಾಲ್ಕು ಹನಿ ಹಾಕಿ. ಬುಸುಬುಸು ನೊರೆ ಬರುತ್ತದೆ. ಆಲೂಗಡ್ಡೆಯ ಕೆಟಲೇಸ್ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತಿದೆ. ಚೆನ್ನಾಗಿ ಬೇಯಿಸಿದ ಹೋಳಿನ ಮೇಲೆ ಹಾಕಿದರೆ ನೊರೆ ಬರದು. ಕಿಣ್ವ ಕಾವಿಗೆ ಕೆಟ್ಟಿರುತ್ತದೆ. ಕೊಡದ ನೀರಿಗಿಂತ ಕಿಡಿಯೇ ಹೆಚ್ಚಾದ ಸ್ಥಿತಿಗೆ ಉತ್ಕರ್ಷಣ ಒತ್ತಡ ಎನ್ನುತ್ತಾರೆ.

ಈಗ ದೊಡ್ಡ ಕರುಳಿಗೆ ಬರೋಣ. ಅದರ ಒಳಪದರದ ಕೋಶಗಳು ನಾಲ್ಕೈದು ದಿನಗಳಿಗೊಮ್ಮೆ ಉದುರಿ ಹೊಸದಾಗುತ್ತವೆ. ಇಷ್ಟು ಬಿರುಸಾಗಿ ಕೋಶಗಳು ಒಡೆಯುವಲ್ಲಿ ಡಿಎನ್ಎ ನಕಲಿನ ತಪ್ಪಿಗೂ ಅವಕಾಶ ಹೆಚ್ಚು. ಕರುಳಿನಲ್ಲಿ ಬಹುಕಾಲ ಉರಿಯೂತವಿದ್ದರಂತೂ ಬಿಳಿ ರಕ್ತಕಣಗಳು ಎರಚುವ ಕಿಡಿಯೂ ಸೇರುತ್ತದೆ.

ಈ ಕೋಶಗಳ ಮುಖ್ಯ ಇಂಧನ ಗ್ಲೂಕೋಸ್ ಅಲ್ಲ, ಬ್ಯುಟಿರೇಟ್! ನಾವು ತಿಂದ ಜೋಳದ ರೊಟ್ಟಿ, ಕಾಳು, ಸೊಪ್ಪುಗಳ ನಾರನ್ನು ಕರುಳಿನ ಬ್ಯಾಕ್ಟೀರಿಯಗಳು ಹುದುಗಿಸಿ ಇದನ್ನು ತಯಾರಿಸುತ್ತವೆ. ಕೆಟ್ಟ ಬೆಣ್ಣೆಯ ಕಮಟು ವಾಸನೆ ಇದೇ ಆಮ್ಲದ್ದು.

ಕ್ಯಾನ್ಸರ್ ಕೋಶದ ರೀತಿಯೇ ಬೇರೆ. ಜರ್ಮನಿಯ ಆಟೋ ವಾರ್ಬರ್ಗ್ 1920ರ ದಶಕದಲ್ಲಿ ಒಂದು ವಿಚಿತ್ರ ಕಂಡರು. ಆಮ್ಲಜನಕ ಬೇಕಾದಷ್ಟಿದ್ದರೂ ಗಡ್ಡೆಯ ಕೋಶಗಳು ಗ್ಲೂಕೋಸನ್ನು ಅರ್ಧಕ್ಕೇ ಬಿಟ್ಟು ಲ್ಯಾಕ್ಟಿಕ್ ಆಮ್ಲ ಮಾಡುತ್ತಿದ್ದವು. ಪೂರ್ತಿ ಉರಿದರೆ ಒಂದು ಗ್ಲೂಕೋಸಿಗೆ ಸುಮಾರು 30 ಎಟಿಪಿ. ಹೀಗೆ ಹುದುಗಿಸಿದರೆ ಎರಡೇ. ಒಲೆ ಕೆಟ್ಟಿರಬೇಕೆಂದು ವಾರ್ಬರ್ಗ್ ಭಾವಿಸಿದರು. ಆದರೆ ಬಹಳಷ್ಟು ಗಡ್ಡೆಗಳಲ್ಲಿ ಮೈಟೋಕಾಂಡ್ರಿಯ ಕೆಲಸ ಮಾಡುತ್ತಲೇ ಇರುತ್ತದೆಂದು ಅನಂತರ ತಿಳಿಯಿತು. ಹಾಗಾದರೆ ಈ ದುಂದು ಏಕೆ? ಹೊಸ ಕೋಶ ಕಟ್ಟಲು ಇಟ್ಟಿಗೆ, ಗಾರೆ ಬೇಕಲ್ಲ! ಗ್ಲೂಕೋಸಿನ ಒಂದು ಪಾಲು ಅದಕ್ಕೆ ಹೋಗುತ್ತದೆ. ಇನ್ನೊಂದು ಪಾಲು ಗ್ಲೂಟಥಯೋನಿನ ಕೊಡ ತುಂಬಿಡಲು ನೆರವಾಗುತ್ತದೆ.

ಮರ್ಮ ಇರುವುದು ಇಲ್ಲೇ. ಸ್ವಲ್ಪ ಕಿಡಿ ಕ್ಯಾನ್ಸರ್ ಕೋಶವನ್ನು ಬೆಳೆಯಲು ಹುರಿದುಂಬಿಸುತ್ತದೆ. ಅತಿಯಾದರೆ ಅದನ್ನೇ ಕೊಲ್ಲುತ್ತದೆ. ವಿಕಿರಣ ಚಿಕಿತ್ಸೆ ಗಡ್ಡೆಯನ್ನು ಕೊಲ್ಲುವುದು ಬಹುಮಟ್ಟಿಗೆ ಇಂಥ ಕಿಡಿಗಳಿಂದಲೇ. ಹೊರಗಿನಿಂದ ನಾವು ಸುರಿಯುವ ನೀರು ಗಡ್ಡೆಯ ಕೊಡಕ್ಕೂ ಬೀಳಬಹುದಲ್ಲವೆ? ಫಿನ್‌ಲ್ಯಾಂಡಿನಲ್ಲಿ ಸುಮಾರು 29 ಸಾವಿರ ಧೂಮಪಾನಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಹೊರಬಂತು. ಬೀಟಾ ಕೆರೋಟಿನ್ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅದೇ ವರ್ಷ ಅಮೆರಿಕದ ಇನ್ನೊಂದು ಪರೀಕ್ಷೆಯೂ ಪ್ರಕಟವಾಯಿತು. ಕರುಳಿನ ಗಂಟು ತೆಗೆಸಿಕೊಂಡವರಿಗೆ ನಾಲ್ಕು ವರ್ಷ ಇಂಥ ವಿಟಮಿನ್ ಕೊಟ್ಟರೂ ಹೊಸ ಗಂಟುಗಳು ಕಡಿಮೆಯಾಗಲಿಲ್ಲ.

ಹಾಗೆಂದು ಸಕ್ಕರೆ ಬಿಟ್ಟು ಗಡ್ಡೆಯನ್ನು ಉಪವಾಸ ಕೆಡವುತ್ತೇನೆಂಬುದೂ ಸುಳ್ಳು ಆಸೆ. ನಾವು ತಿನ್ನದಿದ್ದರೂ ಯಕೃತ್ತು ಗ್ಲೂಕೋಸ್ ತಯಾರಿಸುತ್ತದೆ.

ಮತ್ತೇನು ಮಾಡಬೇಕು? ನಾರುಳ್ಳ ಊಟ, ಮೈಮುರಿದು ದುಡಿಮೆ ಅಥವಾ ನಡಿಗೆ, ತಂಬಾಕು-ಮದ್ಯದಿಂದ ದೂರ. ಇವು ಅಪಾಯ ತಗ್ಗಿಸುತ್ತವೆ, ಪೂರ್ತಿ ಅಳಿಸುವುದಿಲ್ಲ. ಆದ್ದರಿಂದ ಮಲದಲ್ಲಿ ರಕ್ತ, ಮಲವಿಸರ್ಜನೆಯ ರೂಢಿಯಲ್ಲಿ ವಾರಗಟ್ಟಲೆ ಬದಲಾವಣೆ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಕಂಡರೆ ನಾಚಿಕೆ ಬಿಟ್ಟು ವೈದ್ಯರಿಗೆ ತೋರಿಸಬೇಕು. ಹೆಚ್ಚಿನ ಸಲ ಅದು ಮೂಲವ್ಯಾಧಿಯೇ ಇರಬಹುದು. ಆದರೆ ಅದನ್ನು ಹೇಳಬೇಕಾದವರು ವೈದ್ಯರು, ನಾವಲ್ಲ. ಸಣ್ಣ ಗಂಟು ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು. ಅಷ್ಟರೊಳಗೆ ಕೊಲೊನೊಸ್ಕೋಪಿಯ ಬಳುಕುವ ಕೊಳವೆಯಿಂದ ಅದನ್ನು ಕಂಡು, ಅಲ್ಲಿಯೇ ಕತ್ತರಿಸಿ ತೆಗೆಯಬಹುದು. ಇಷ್ಟು ಸಮಯ ಕೊಡುವ ಕ್ಯಾನ್ಸರ್‌ಗಳು ಕಡಿಮೆ.

ಆ ತಂದೆ ಮಗನನ್ನು ಕರೆದುಕೊಂಡು ಸೋಮವಾರ ಹುಬ್ಬಳ್ಳಿಗೆ ಹೋಗಿ ತೋರಿಸಿ ಬಂದಿದ್ದಾರೆ. ವರದಿ ಇನ್ನೂ ಬರಬೇಕು. ಡಬ್ಬಿ ಮಾತ್ರ ನನ್ನ ಮೇಜಿನ ಮೇಲೆಯೇ ಉಳಿದಿದೆ. ಮಕ್ಕಳೇ, ಇಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯ ಹಿರಿಯರನ್ನು ಒಂದು ಮಾತು ಕೇಳಿ: ನೀವು ಹೇಳದೆ ಮುಚ್ಚಿಟ್ಟ ತೊಂದರೆ ಏನಾದರೂ ಇದೆಯೆ?