ತೊಡೆಸಂದಿಯ ಮಿಡಿಯುವ ಗಂಟು

ಕಾಫಿ ಕೊಯ್ಲಿನ ದಿನಗಳಲ್ಲಿ ಒಂದು ಮಧ್ಯಾಹ್ನ ಬಣಕಲ್ಲಿನಿಂದ ನಮ್ಮ ಅಕ್ಕನವರ ದೂರವಾಣಿ ಬಂದಿತು. "ತಮ್ಮಾ, ನಿಮ್ಮ ಭಾವನವರಿಗೆ ತೊಡೆಸಂದಿಯಲ್ಲಿ ಕುರು ಎದ್ದಿದೆ. ಬಿಸಿ ಹಿಟ್ಟಿನ ಕಟ್ಟು ಹಾಕಿದ್ದೇನೆ. ನಾಳೆ ಊರಿನವರೊಬ್ಬರು ಬಂದು ಕೊಯ್ದು ಕೀವು ತೆಗೆಯುತ್ತಾರಂತೆ" ಎಂದರು.

ಎಂಟು ದಿನಗಳ ಹಿಂದೆಯಷ್ಟೇ ಭಾವನವರಿಗೆ ನಗರದ ಆಸ್ಪತ್ರೆಯೊಂದರಲ್ಲಿ ತೊಡೆಯ ರಕ್ತನಾಳದ ಮೂಲಕ ಆಂಜಿಯೋಗ್ರಾಂ ಆಗಿತ್ತು. ನನಗೆ ಎದೆ ಝಲ್ಲೆಂದಿತು. "ಗಂಟು ಮಿಡಿಯುತ್ತಿದೆಯೇ, ಕೇಳು ಅಕ್ಕಾ" ಎಂದೆ. ಒಳಗೆ ಹೋಗಿ ಬಂದು ಹೇಳಿದರು: "ಲಿಂಗಪೂಜೆಗೆ ಕಾಲು ಮಡಿಸಿ ಕುಳಿತಾಗಲೆಲ್ಲ ಅಲ್ಲಿ ನಾಡಿಯಂತೆ ಬಡಿಯುತ್ತದಂತೆ. ಹೇಳಲು ನಾಚಿಕೆಯಾಯಿತಂತೆ."

ಮಠದ ಪಾಠಶಾಲೆಯಲ್ಲಿ ಸುಶ್ರುತಸಂಹಿತೆಯ ಶಾರೀರಸ್ಥಾನವನ್ನು ಓದುವಾಗ ಸಿರಾವ್ಯಧದ ಅಧ್ಯಾಯ ಬರುತ್ತಿತ್ತು. ಸಿರೆಯನ್ನು ಚುಚ್ಚುವಾಗ ಆಗಬಹುದಾದ 20 ದೋಷಗಳನ್ನು ಆಚಾರ್ಯನು ಅಲ್ಲಿ ಹೆಸರಿಸಿದ್ದಾನೆ. ಚಿಕಿತ್ಸೆಯ ಸೂಜಿಯೇ ಗಾಯಕ್ಕೆ ಕಾರಣವಾಗಬಲ್ಲದೆಂದು ಅಂದಿನವರೂ ಬಲ್ಲರು. ಯೂರೋಪಿನಲ್ಲಿ ಮೊಣಕೈಯ ಬಳಿ ರಕ್ತ ತೆಗೆಯುವಾಗ ಧಮನಿಗೂ ಪೆಟ್ಟು ಬಿದ್ದು ಉಬ್ಬು ಏಳುವುದನ್ನು ವಿಲಿಯಂ ಹಂಟರ್ 1757ರಲ್ಲಿ ವಿವರಿಸಿದನು.

ಈ ಗಂಟಿಗೆ ವೈದ್ಯರು ಸ್ಯೂಡೋಅನ್ಯೂರಿಸಂ ಎನ್ನುತ್ತಾರೆ. ಹುಸಿ ಉಬ್ಬು ಎನ್ನೋಣ. ನಿಜವಾದ ಉಬ್ಬಿನಲ್ಲಿ ಧಮನಿಯ ಗೋಡೆಯೇ ಹಿಗ್ಗುತ್ತದೆ. ಇಲ್ಲಿ ಹಾಗಲ್ಲ. ಸೂಜಿಯ ರಂಧ್ರ ಮುಚ್ಚದೆ ಉಳಿದು, ಹೊರಬಂದ ರಕ್ತವನ್ನು ಸುತ್ತಲಿನ ಮಾಂಸವೇ ಚೀಲದಂತೆ ತಡೆದಿರುತ್ತದೆ. ಹೃದಯದ ಪ್ರತಿ ಬಡಿತಕ್ಕೂ ಕಿರಿದಾದ ಕತ್ತಿನ ಮೂಲಕ ರಕ್ತ ಒಳನುಗ್ಗಿ ಹಿಂದಿರುಗುತ್ತದೆ. ಇದನ್ನು ಕೀವುಗುಳ್ಳೆಯೆಂದು ಕೊಯ್ದರೆ ಧಮನಿಯ ರಕ್ತವೇ ಚಿಮ್ಮಿ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಸಂಚಕಾರ! ಬಿಸಿ ಕಟ್ಟೂ ಸಲ್ಲದು.

ಚುಚ್ಚಿದ ಜಾಗ ತೀರ ಕೆಳಗಾದರೆ ಒತ್ತಿಹಿಡಿಯಲು ಹಿಂದೆ ಎಲುಬಿನ ಆಸರೆ ದೊರೆಯುವುದಿಲ್ಲ. ಹೃದ್ರೋಗಿಗಳಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಗಳು, ಅಧಿಕ ರಕ್ತದೊತ್ತಡ, ಸ್ಥೂಲಕಾಯ ಇವೂ ಕಾರಣಗಳು. ನಮ್ಮ ಭಾವನವರೋ, ಮೂರನೆಯ ದಿನವೇ ತೋಟದ ಏರು ಹತ್ತಿ ಕೊಯ್ಲು ನೋಡಲು ಹೋಗಿದ್ದರು! ಆಸ್ಪತ್ರೆಯ ಚೀಟಿಯಲ್ಲಿ ಎಚ್ಚರಿಕೆಯ ಮಾತಿತ್ತು, ಆದರೆ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡದಲ್ಲಿ ಹೇಳುವವರಿರಲಿಲ್ಲ, ಇವರು ಕೇಳಲೂ ಇಲ್ಲ. ಚೀಟಿ ಬೀರುವಿನಲ್ಲಿ ಭದ್ರವಾಗಿತ್ತು.

ಅಂದೇ ಅವರನ್ನು ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿಗೆ ಕರೆದೊಯ್ದೆವು. ಡಾಪ್ಲರ್ ಸ್ಕ್ಯಾನಿನಲ್ಲಿ ಮೂರು ಸೆಂಟಿಮೀಟರಿನ ಚೀಲ ಕಂಡಿತು. ಎರಡು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದರೆ ಎಷ್ಟೋ ವೇಳೆ ತಾನಾಗಿಯೇ ಮುಚ್ಚಿಕೊಳ್ಳುತ್ತದಂತೆ, ಸ್ಕ್ಯಾನ್ ಮಾಡುತ್ತ ಕಾಯಬಹುದಂತೆ. ದೊಡ್ಡದಾದರೆ ಹಿಂದೆ ಶಸ್ತ್ರಕ್ರಿಯೆಯೇ ಗತಿಯಾಗಿತ್ತು. 1991ರಲ್ಲಿ ಸ್ಕ್ಯಾನಿನಲ್ಲಿ ನೋಡುತ್ತಲೇ ಒತ್ತಿಹಿಡಿದು ಮುಚ್ಚಿಸುವ ಕ್ರಮ ಪ್ರಕಟವಾಯಿತು. ಅದು ಬಹು ಹೊತ್ತಿನ ಕೆಲಸ, ರೋಗಿಗೆ ನೋವೂ ಬಹಳ. ಈಗ ಹೆಚ್ಚಾಗಿ ಥ್ರಾಂಬಿನ್ ಎಂಬ, ರಕ್ತವನ್ನು ಹೆಪ್ಪುಗಟ್ಟಿಸುವ ದ್ರವ್ಯವನ್ನು ಸಣ್ಣ ಸೂಜಿಯಿಂದ ಚೀಲದೊಳಕ್ಕೆ ಬಿಡುತ್ತಾರೆ. ಸೂಜಿಯ ತುದಿ ಕತ್ತಿನಿಂದ ದೂರವಿರಬೇಕು; ದ್ರವ್ಯ ಧಮನಿಗೆ ಸೇರಿದರೆ ಕಾಲಿನ ರಕ್ತಸಂಚಾರವೇ ನಿಂತೀತು. ಚೀಲ ಒಡೆದಿದ್ದರೆ, ಸೋಂಕು ತಗುಲಿದ್ದರೆ, ಮೇಲಿನ ಚರ್ಮ ಸಾಯತೊಡಗಿದ್ದರೆ ಇಂದಿಗೂ ಶಸ್ತ್ರಕ್ರಿಯೆಯೇ ಬೇಕು. ಭಾವನವರಿಗೆ ಥ್ರಾಂಬಿನ್ ಬಿಟ್ಟ ಕ್ಷಣಮಾತ್ರದಲ್ಲಿ ಪರದೆಯ ಮೇಲಿನ ಕೆಂಪು ನೀಲಿ ಸುಳಿ ಆರಿಹೋಯಿತು. ಮರುದಿನದ ಸ್ಕ್ಯಾನಿನಲ್ಲೂ ಮರಳಿರಲಿಲ್ಲ.

ಮಣಿಕಟ್ಟಿನ ಧಮನಿಯ ಮೂಲಕ ಆಂಜಿಯೋಗ್ರಾಂ ಮಾಡುವ ಕ್ರಮವನ್ನು ಕೆನಡಾದ ಲೂಸಿಯೆನ್ ಕಾಂಪೋ 1989ರಲ್ಲಿ ಪ್ರಕಟಿಸಿದರು. ಅಲ್ಲಿ ಧಮನಿ ಚರ್ಮದ ಅಡಿಯಲ್ಲೇ ಎಲುಬಿನ ಮೇಲಿರುವುದರಿಂದ ಒತ್ತುವುದು ಸುಲಭ, ಈ ತೊಡಕೂ ವಿರಳ. ಎಲ್ಲರಿಗೂ ಅದು ಒಗ್ಗದು. ಒಗ್ಗುವುದೇ ಎಂದು ಮೊದಲೇ ವೈದ್ಯರನ್ನು ಕೇಳಲು ಸಂಕೋಚವೇಕೆ?

ಹೊರಡುವಾಗ ಭಾವನವರು ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟರೇ, ಪೂಜೆಗೆ ಕಾಲು ಮಡಿಸಿ ಕೂರಬಹುದೇ?" ಕೆಲವು ದಿನ ಬೇಡವೆಂದರು ವೈದ್ಯರು. ಎಪ್ಪತ್ತು ದಾಟಿದ ಭಾವನವರು ಬದುಕಿನಲ್ಲಿ ಮೊದಲ ಬಾರಿಗೆ ಕುರ್ಚಿಯ ಮೇಲೆ ಕುಳಿತು ಲಿಂಗಪೂಜೆ ಮಾಡಿದರು.