ಅಪ್ಪನ ಆರ್‌ಎಕ್ಸ್ 100 ಕೊಟ್ಟು ರಾಜದೂತ್ 350 ತಗೊಳ್ಳಬಹುದಾ? ಫಾರ್ವರ್ಡ್‌ನಲ್ಲಿ ಇಲ್ಲದ ಸಂಗತಿಗಳು

ಹೊಳೆನರಸೀಪುರದ ಕಡೆಯ ಓದುಗರೊಬ್ಬರು ನಮಗೊಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿ, "ಇದು ನಿಜಾನಾ ಸರ್? ಭಾನುವಾರದೊಳಗೆ ಉತ್ತರ ಬೇಕು" ಎಂದು ಕೇಳಿದರು. ಅದರಲ್ಲಿ ಇದ್ದದ್ದು ಇಷ್ಟು: ಯಮಹಾ ಆರ್‌ಎಕ್ಸ್ 100 ಮತ್ತೆ ಬರುತ್ತಿದೆ, ಹಾಗಾಗಿ ಹಳೇ ಗಾಡಿಗೆ ಬೆಲೆ ಬಿದ್ದುಹೋಗುತ್ತೆ. 15 ವರ್ಷ ದಾಟಿದ ಬೈಕುಗಳನ್ನು ಸರ್ಕಾರ ಎತ್ತಿಕೊಂಡು ಹೋಗುತ್ತೆ. ಆದರೆ ರಾಜದೂತ್ 350 ವಿಂಟೇಜ್, ಅದಕ್ಕೆ ಯಾವ ರೂಲ್ಸೂ ಇಲ್ಲ, ಇಟ್ಟುಕೊಂಡವನೇ ಜಾಣ. ಕೊನೆಗೆ ಮಾಮೂಲಿನಂತೆ ಹತ್ತು ಜನರಿಗೆ ಕಳಿಸಿ ಎಂಬ ಸೂಚನೆ.

ಅವಸರಕ್ಕೆ ಕಾರಣವಿತ್ತು. ಅವರ ಮನೆಯಲ್ಲಿ 1994ರ ಆರ್‌ಎಕ್ಸ್ 100 ಇದೆ. ತೀರಿಕೊಂಡ ತಂದೆಯ ಗಾಡಿ, ಇವತ್ತಿಗೂ ಎರಡನೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ಚನ್ನರಾಯಪಟ್ಟಣದಲ್ಲಿ ಒಬ್ಬರು ತಮ್ಮ 1985ರ ರಾಜದೂತ್ 350 ಅನ್ನು ಅದಕ್ಕೆ ಅದಲು ಬದಲು ಮಾಡಲು ತಯಾರಿದ್ದಾರೆ, ಮೇಲೆ ಒಂದಿಷ್ಟು ದುಡ್ಡು ಕೊಡಬೇಕು. ಅರಕಲಗೂಡಿನ ಭಾವ "ತಗೊಂಡುಬಿಡು ಮಾರಾಯ, ಇಂಥ ಗಾಡಿ ಮತ್ತೆ ಸಿಗಲ್ಲ" ಅನ್ನುತ್ತಿದ್ದಾರೆ. ತಾಯಿ ಏನೂ ಹೇಳುತ್ತಿಲ್ಲ.

ಮೊದಲು ಫಾರ್ವರ್ಡಿನ ಮಾತುಗಳನ್ನೇ ನೋಡೋಣ.

ಆರ್‌ಎಕ್ಸ್ 100 ನಮ್ಮಲ್ಲಿ ಮಾರಾಟಕ್ಕೆ ಬಂದದ್ದು 1985ರ ಕೊನೆಗೆ, ನಿಂತದ್ದು 1996ರಲ್ಲಿ. 98 ಸಿಸಿ ಎಂಜಿನ್, 11 ಎಚ್‌ಪಿ, ಸುಮಾರು 100 ಕೆಜಿ ತೂಕ. ಆ ಕಾಲದ ಬೇರೆ 100 ಸಿಸಿ ಗಾಡಿಗಳ ಪಕ್ಕದಲ್ಲಿ ಅದು ಚಿಮ್ಮುತ್ತಿದ್ದುದಕ್ಕೆ ಈ ತೂಕ ಮತ್ತು ಶಕ್ತಿಯ ಲೆಕ್ಕವೇ ಕಾರಣ. ಅದು ಟೂ ಸ್ಟ್ರೋಕ್ ಎಂಜಿನ್. ಅಂದರೆ ಪಿಸ್ಟನ್ ಒಮ್ಮೆ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಒಂದು ಸಲ ಪೆಟ್ರೋಲ್ ಉರಿಯುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಎರಡು ಸಲ ಓಡಾಡಿದರೆ ಒಂದು ಸಲ. ಅದಕ್ಕೇ ಆ ಎಳೆತ, ಆ ಸದ್ದು. ಆದರೆ ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಉರಿಯುತ್ತದೆ, ಒಂದಿಷ್ಟು ಪೆಟ್ರೋಲ್ ಉರಿಯದೆಯೇ ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದೆ. 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಬಿಎಸ್-6 ಹೊಗೆ ನಿಯಮವನ್ನು ಅಂಥ ಹಳೇ ಎಂಜಿನ್ ದಾಟುವ ಮಾತೇ ಇಲ್ಲ. ನಾಳೆ ಅದೇ ಹೆಸರಿನ ಗಾಡಿ ಬಂದರೂ ಅದರೊಳಗೆ ಇರುವುದು ಬೇರೆಯೇ ಎಂಜಿನ್. ಹೆಸರು ಬಂದ ಮಾತ್ರಕ್ಕೆ ಹಳೆಯದರ ಬೆಲೆ ಬಿದ್ದೇ ಬೀಳುತ್ತದೆ ಅನ್ನಲಾಗದು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ರೂಪದಲ್ಲಿ ಬಂದವು. ಮೈಸೂರಿನ ಕಾರ್ಖಾನೆಯಿಂದ 1996ರ ತನಕ ಹೊರಬಂದ ಹಳೇ ಯೆಜ್ಡಿಗಳನ್ನು ಹುಡುಕುವವರು ಆಮೇಲೂ ಹುಡುಕುತ್ತಲೇ ಇದ್ದಾರೆ.

15 ವರ್ಷಕ್ಕೆ ಎತ್ತಿಕೊಂಡು ಹೋಗುತ್ತಾರೆ ಎನ್ನುವುದು ದೆಹಲಿಯ ಕಥೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲೆ ನ್ಯಾಯಾಲಯಗಳ ಆದೇಶದಿಂದ ನಿರ್ಬಂಧ ಬಂತು. ಆ ಸುದ್ದಿಯ ವಿಡಿಯೋ ಹಾಸನದ ಗುಂಪುಗಳಿಗೆ ಬರುವಷ್ಟರಲ್ಲಿ ಊರಿನ ಹೆಸರು ಕಳಚಿಬಿದ್ದಿರುತ್ತದೆ. ಕರ್ನಾಟಕದಲ್ಲಿ ಸ್ವಂತ ಬಳಕೆಯ ಬೈಕಿನ ಆರ್‌ಸಿ 15 ವರ್ಷ ನಡೆಯುತ್ತದೆ. ಆಮೇಲೆ ಗಾಡಿ ತೋರಿಸಿ, ಎಫ್‌ಸಿ ಮಾಡಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಶುಲ್ಕ ಮಾತ್ರ ಏರಿದೆ. ಬೈಕಿಗೆ 300 ರೂ. ಇದ್ದದ್ದು 2022ರ ಏಪ್ರಿಲ್‌ನಿಂದ 1,000 ರೂ. ಆಯಿತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನ ಅಧಿಸೂಚನೆಯಲ್ಲಿ 2,000 ರೂ. ಮಾಡಿದರು. ತಡ ಮಾಡಿದರೆ ಬೈಕಿಗೆ ತಿಂಗಳಿಗೆ 300 ರೂ. ಹೆಚ್ಚುವರಿ ಎಂಬ ನಿಯಮವೂ 2022ರದ್ದೇ. ಆದ್ದರಿಂದ "ಆರ್‌ಸಿ ಇದೆ" ಎಂಬ ಮಾತು ಸಾಲದು, ಯಾವ ವರ್ಷದ ತನಕ ಇದೆ ಎಂದು ಕೇಳಬೇಕು.

ಇನ್ನು ವಿಂಟೇಜ್ ಮಾತು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು. ಹೊಸದಾಗಿ ನೋಂದಾಯಿಸಲು 20,000 ರೂ., ನಂಬರಿನಲ್ಲಿ 'ವಿಎ' ಅಕ್ಷರ, 10 ವರ್ಷದ ಅವಧಿ. ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಬಿಟ್ಟರೆ ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. 1985ರ ಗಾಡಿಗೆ 50 ತುಂಬುವುದು 2035ಕ್ಕೆ. ಅಲ್ಲಿಯ ತನಕ ರಾಜದೂತ್ 350 ಕಾನೂನಿನ ಕಣ್ಣಿಗೆ ಒಂದು ಹಳೇ ಬೈಕ್ ಅಷ್ಟೇ. ಎಫ್‌ಸಿ, ವಿಮೆ, ಹೊಗೆ ಪರೀಕ್ಷೆ, 2019ರ ಏಪ್ರಿಲ್‌ಗೆ ಮೊದಲು ನೋಂದಣಿಯಾದವಕ್ಕೆ ಹೇಳಿರುವ ಎಚ್‌ಎಸ್‌ಆರ್‌ಪಿ ಫಲಕ, ಎಲ್ಲವೂ ಅದಕ್ಕೂ ಬೇಕು.

ಫಾರ್ವರ್ಡಿನಲ್ಲಿ ಇದ್ದ ಮೂರೂ ಮಾತು ಹೀಗೆ ಬಿದ್ದುಹೋದವು. ಆದರೂ ಪ್ರಶ್ನೆ ಮುಗಿಯಲಿಲ್ಲ, ಯಾಕೆಂದರೆ ರಾಜದೂತ್ 350 ನಿಜವಾಗಿಯೂ ಅಪರೂಪದ ಗಾಡಿ. ಜಪಾನಿನ ಯಮಹಾ ಆರ್‌ಡಿ 350 ಅನ್ನು ಎಸ್ಕಾರ್ಟ್ಸ್ ಕಂಪನಿ 1983ರಿಂದ ಇಲ್ಲಿ ತಯಾರಿಸಿತು. 347 ಸಿಸಿ, ಎರಡು ಸಿಲಿಂಡರ್, ಆರು ಗೇರು. ಮೊದಲು ಬಂದ ಎಚ್‌ಟಿ ಮಾದರಿಗೆ 30.5 ಎಚ್‌ಪಿ, ಮೈಲೇಜಿಗಾಗಿ ಆಮೇಲೆ ತಂದ ಎಲ್‌ಟಿಗೆ 27. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳೇ ಓಡುತ್ತಿದ್ದ ರಸ್ತೆಯಲ್ಲಿ ಅದು ಸ್ಪೋರ್ಟ್ಸ್ ಬೈಕ್ ಅಲ್ಲದೆ ಇನ್ನೇನು? ಬ್ರೇಕ್ ಮಾತ್ರ ಆ ವೇಗಕ್ಕೆ ತಕ್ಕದ್ದಾಗಿರಲಿಲ್ಲ. ಹೊರದೇಶದ ಮಾದರಿಯಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಇತ್ತು, ನಮ್ಮದಕ್ಕೆ ಡ್ರಮ್ ಹಾಕಿದರು. ಬೆಲೆ ದುಬಾರಿ, ಪೆಟ್ರೋಲ್ ಕುಡಿಯುವುದು ಜಾಸ್ತಿ, ಬಿಡಿಭಾಗಕ್ಕೆ ಪರದಾಟ. ಆ ದಶಕ ಮುಗಿಯುವ ಹೊತ್ತಿಗೆ ಅದರ ಕಥೆಯೂ ಹೆಚ್ಚುಕಡಿಮೆ ಮುಗಿದಿತ್ತು.

ಅಂದರೆ ಅದು ಅಪರೂಪವಾದದ್ದು ಆಗ ಕೊಳ್ಳುವವರು ಕಡಿಮೆಯಿದ್ದರು ಎಂಬ ಕಾರಣಕ್ಕೆ. ಇದನ್ನು ಮರೆಯಬಾರದು. ಗಾಡಿ ಅಪರೂಪ ಎಂದರೆ ಅದರ ಪಿಸ್ಟನ್ನೂ ಅಪರೂಪ, ಕ್ರ್ಯಾಂಕೂ ಅಪರೂಪ, ಎರಡು ಕಾರ್ಬುರೇಟರ್‌ಗಳನ್ನು ಒಂದೇ ಸಮ ಟ್ಯೂನ್ ಮಾಡಬಲ್ಲ ಮೆಕ್ಯಾನಿಕ್ಕೂ ಅಪರೂಪ. ಆರ್‌ಎಕ್ಸ್ 100 ಬಿಚ್ಚಿ ಜೋಡಿಸುವ ಕೈ ಹೊಳೆನರಸೀಪುರದಲ್ಲೂ ಸಿಕ್ಕೀತು, ಅರಕಲಗೂಡಿನಲ್ಲೂ ಸಿಕ್ಕೀತು. ಆರ್‌ಡಿಗೆ ಹಾಸನದಲ್ಲಿ ವಿಚಾರಿಸಿ, ಸಿಗದಿದ್ದರೆ ಮೈಸೂರು, ಬೆಂಗಳೂರಿನ ದಾರಿ ಹಿಡಿಯಬೇಕು. ಬೆಂಗಳೂರಿಗೆ ಕಳಿಸಿದ ಹಳೇ ಗಾಡಿ ಎಷ್ಟು ತಿಂಗಳಿಗೆ ವಾಪಸು ಬರುತ್ತದೆ ಎಂಬುದು, ಕಳಿಸಿದವರಿಗೆ ಗೊತ್ತು.

ಹಾಗಾದರೆ ಅಪರೂಪದ ವಸ್ತು ನಮ್ಮನ್ನು ಯಾಕೆ ಅಷ್ಟು ಎಳೆಯುತ್ತದೆ? 1975ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಸ್ಟೀಫನ್ ವರ್ಚೆಲ್ ಮತ್ತು ಸಂಗಡಿಗರು ಒಂದೇ ಬಗೆಯ ಬಿಸ್ಕತ್ತನ್ನು ಎರಡು ಜಾಡಿಯಲ್ಲಿಟ್ಟು ಪರೀಕ್ಷೆ ಮಾಡಿದರು. ಒಂದರಲ್ಲಿ 10, ಇನ್ನೊಂದರಲ್ಲಿ ಬರೀ 2. ಜನರು ಎರಡೇ ಇದ್ದ ಜಾಡಿಯದಕ್ಕೆ ಹೆಚ್ಚು ಬೆಲೆ ಕಟ್ಟಿದರು. "ಇಡೀ ಜಿಲ್ಲೆಗೆ ಒಂದೇ ಗಾಡಿ" ಎನ್ನುವ ಮಾತು ನಮ್ಮೊಳಗೆ ಮಾಡುವ ಕೆಲಸವೂ ಅದೇ.

ಇದರ ಎದುರಿಗೆ ಎಳೆಯುವ ಇನ್ನೊಂದು ಹಗ್ಗವಿದೆ. 1989ರಲ್ಲಿ ಅರ್ಥಶಾಸ್ತ್ರಜ್ಞ ಜ್ಯಾಕ್ ನೆಚ್ ಒಂದು ಗುಂಪು ವಿದ್ಯಾರ್ಥಿಗಳಿಗೆ ಕಾಫಿ ಲೋಟ ಕೊಟ್ಟರು, ಇನ್ನೊಂದು ಗುಂಪಿಗೆ ಚಾಕೊಲೇಟ್. ಆಮೇಲೆ, ಬೇಕಾದರೆ ಅದಲು ಬದಲು ಮಾಡಿಕೊಳ್ಳಿ ಎಂದರು. ಲೋಟ ಪಡೆದವರಲ್ಲಿ 89% ಲೋಟವನ್ನೇ ಇಟ್ಟುಕೊಂಡರು. ಚಾಕೊಲೇಟ್ ಪಡೆದವರಲ್ಲಿ 90% ಚಾಕೊಲೇಟನ್ನೇ. ಏನೂ ಕೊಡದೆ ಆರಿಸಿಕೊಳ್ಳಿ ಎಂದಾಗ ಮಾತ್ರ ಹೆಚ್ಚುಕಡಿಮೆ ಅರ್ಧರ್ಧ. ಅಂದರೆ ಕೈಗೆ ಬಂದು ಕೆಲವೇ ನಿಮಿಷವಾದರೂ ಸಾಕು, ಅದು 'ನನ್ನದು' ಆಗಿಬಿಡುತ್ತದೆ. ಇದಕ್ಕೆ ರಿಚರ್ಡ್ ಥೇಲರ್ 1980ರಲ್ಲೇ ಒಂದು ಹೆಸರು ಕೊಟ್ಟಿದ್ದರು. ಕನ್ನಡದಲ್ಲಿ ಸ್ವತ್ತಿನ ಮೋಹ ಎನ್ನೋಣ. ನಿಮಿಷಗಳ ಲೋಟಕ್ಕೇ ಹೀಗಾದರೆ, ಹಿಂದೆ ಕೂತು ಶಾಲೆಗೆ ಹೋದ ಗಾಡಿಗೆ ಏನು ಹೇಳುವುದು?

ಇಂಥ ಲೇಖನಗಳಲ್ಲಿ ಸಾಮಾನ್ಯವಾಗಿ "ಭಾವನೆ ಬಿಡಿ, ಲೆಕ್ಕ ನೋಡಿ" ಎಂದು ಬರೆಯುತ್ತಾರೆ. ನಮಗೆ ಅದು ಒಪ್ಪಿಗೆಯಿಲ್ಲ. ಲೋಟದ ಮೇಲಿನ ಮೋಹ ಮನಸ್ಸಿನ ಆಟ ಇರಬಹುದು, ಅಪ್ಪನ ಗಾಡಿಯ ನೆನಪು ಹಾಗಲ್ಲ, ಅದೂ ಲೆಕ್ಕದೊಳಗೇ ಬರಬೇಕಾದ ಬಾಬ್ತು. ಎರಡನ್ನೂ ಬೇರೆ ಮಾಡಿ ನೋಡಲು ಒಂದು ಉಪಾಯವಿದೆ. ಪ್ರಶ್ನೆಯನ್ನು ತಿರುಗಿಸಿ. ಇವತ್ತು ನಿಮ್ಮ ಕೊಟ್ಟಿಗೆಯಲ್ಲಿ ರಾಜದೂತ್ 350 ಇದೆ, ಚನ್ನರಾಯಪಟ್ಟಣದವರು ನಿಮ್ಮಪ್ಪ ಓಡಿಸಿದ ಆರ್‌ಎಕ್ಸ್ 100 ಮತ್ತು ಒಂದಿಷ್ಟು ದುಡ್ಡು ಕೊಡುತ್ತೇನೆ ಅನ್ನುತ್ತಿದ್ದಾರೆ ಎಂದುಕೊಳ್ಳಿ. ಕೊಡುತ್ತೀರಾ? ಮನಸ್ಸು ತಕ್ಷಣ "ಹೂಂ" ಎಂದರೆ ನಿಮ್ಮನ್ನು ಹಿಡಿದಿರುವುದು ಬರೀ 'ನನ್ನದು' ಎಂಬ ಮೋಹವಲ್ಲ, ಆ ಗಾಡಿಯೇ.

ಬೆಲೆಯ ವಿಷಯದಲ್ಲಿ ಒಂದೇ ಮಾತು. ಆನ್‌ಲೈನ್‌ನಲ್ಲಿ ಕಾಣುವ ಲಕ್ಷಗಳ ಅಂಕಿ ಮಾರುವವನು ಕೇಳಿದ ಬೆಲೆ, ಮಾರಾಟವಾದ ಬೆಲೆಯಲ್ಲ. ಆರು ತಿಂಗಳಿಂದ ಅದೇ ಜಾಹೀರಾತು ಅಲ್ಲೇ ಇದ್ದರೆ ಆ ಬೆಲೆಗೆ ಯಾರೂ ಕೊಂಡಿಲ್ಲ ಎಂದರ್ಥ.

ಪೆಟ್ರೋಲಿನ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚೇ ಹೇಳಬೇಕು. ಈಗ ಬಂಕುಗಳಲ್ಲಿ ಸಿಗುತ್ತಿರುವುದು ಸಾಮಾನ್ಯವಾಗಿ ಇ20, ಅಂದರೆ 20% ಎಥನಾಲ್ ಬೆರೆತದ್ದು. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹೊಸ ಗಾಡಿಯ ಸೆನ್ಸರ್‌ಗಳು ಅದಕ್ಕೆ ತಕ್ಕಂತೆ ಪೆಟ್ರೋಲ್ ಬಿಡುತ್ತವೆ, ಹಳೇ ಕಾರ್ಬುರೇಟರ್‌ಗೆ ಅದು ಗೊತ್ತಾಗುವುದಿಲ್ಲ. ಆಗ ಗಾಳಿಯ ಪಾಲು ಹೆಚ್ಚಾಗಿ ಎಂಜಿನ್ ಬಿಸಿಯಾಗಬಹುದು, ಜೆಟ್ ಬದಲಿಸಬೇಕಾಗಬಹುದು. ಹಳೇ ರಬ್ಬರ್ ಪೈಪು, ವಾಷರ್‌ಗಳು ಮೆತ್ತಗಾಗಬಹುದು. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು, ಎಥನಾಲ್ ಬೇರೆಯಾಗಿ ತಳ ಸೇರಬಹುದು. ಇದು ಎರಡು ಗಾಡಿಗೂ ಅನ್ವಯ. ಆದರೆ ದಿನಾ ತೋಟಕ್ಕೆ ಹೋಗಿ ಬರುವ ಆರ್‌ಎಕ್ಸ್ 100ರಲ್ಲಿ ಪೆಟ್ರೋಲ್ ಹಳತಾಗಲು ಪುರುಸೊತ್ತಿಲ್ಲ. ಅಪರೂಪದ್ದು ಎಂದು ಬಟ್ಟೆ ಮುಚ್ಚಿಟ್ಟ ಗಾಡಿ, ಅದೂ ಅರಕಲಗೂಡು ಕಡೆಯ ಮಳೆಗಾಲದಲ್ಲಿ, ಹಾಳಾಗುವುದು ಹೀಗೆ.

ಈಗ ಎಲ್ಲಕ್ಕಿಂತ ಮುಖ್ಯವಾದ, ಯಾರೂ ಫಾರ್ವರ್ಡ್ ಮಾಡದ ವಿಷಯ. ನಾವು ಓದುಗರನ್ನು ಕೇಳಿದೆವು: ಆರ್‌ಸಿ ಯಾರ ಹೆಸರಿನಲ್ಲಿದೆ? "ಅಪ್ಪಂದೇ ಹೆಸರಲ್ಲಿದೆ" ಎಂದರು.

ಅಲ್ಲಿಗೆ ಭಾನುವಾರದ ಗಡುವು ಮುಗಿದಂತೆ. ಮಾಲೀಕ ತೀರಿಕೊಂಡರೆ ವಾರಸುದಾರರು ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಇತ್ಯಾದಿ ಸೇರಿಸಿ ಫಾರಂ 31ರಲ್ಲಿ ಅರ್ಜಿ ಹಾಕಬೇಕು, ಅದೂ ಮೂರು ತಿಂಗಳೊಳಗೆ. ಅದಾಗದೆ ಆ ಗಾಡಿಯನ್ನು ಕಾನೂನುಬದ್ಧವಾಗಿ ಇನ್ನೊಬ್ಬರಿಗೆ ವರ್ಗಾಯಿಸಲು ಆಗದು. ಅದಲು ಬದಲು ಎಂದರೆ ಒಂದಲ್ಲ, ಎರಡು ಮಾರಾಟ. ಎರಡಕ್ಕೂ ಫಾರಂ 29, 30 ಬೇಕು. ಒಂದೇ ರಾಜ್ಯದೊಳಗಾದರೆ ಕೊಟ್ಟವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನೂ ಹೊಸಬರ ಹೆಸರಿಗೆ ಮಾಡಿಸಬೇಕು.

"ಕೈಯಲ್ಲಿ ಬರೆದ ಕಾಗದ ಇದ್ದರೆ ಸಾಕು" ಎನ್ನುವವರು ಊರೂರಲ್ಲೂ ಇದ್ದಾರೆ. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಇದೇ ಪ್ರಶ್ನೆ. ಆರ್‌ಸಿ ಬದಲಾಗದೆ ಕೈಯಿಂದ ಕೈಗೆ ದಾಟಿದ ಕಾರೊಂದು 2009ರಲ್ಲಿ ಅಪಘಾತ ಮಾಡಿತ್ತು. ಪರಿಹಾರದ ಹೊಣೆ, ಗಾಡಿ ಎಂದೋ ಮಾರಿದ್ದರೂ ದಾಖಲೆಯಲ್ಲಿ ಯಾರ ಹೆಸರಿತ್ತೋ ಅವರ ಮೇಲೆಯೇ ಬಂತು. ಕೊಟ್ಟ ಆರ್‌ಎಕ್ಸ್ 100ರಲ್ಲಿ ಯಾರೋ ಹುಡುಗ ನಾಳೆ ಯಾರಿಗೋ ಗುದ್ದಿದರೆ ನೋಟಿಸ್ ಬರುವುದು ಈ ಮನೆಯ ಬಾಗಿಲಿಗೆ.

ಬರುವ ಗಾಡಿಯನ್ನೂ ಹೀಗೇ ನೋಡಬೇಕು. 1985ರಲ್ಲಿ ನಮ್ಮ ರಾಜ್ಯದಲ್ಲೇ ನೋಂದಣಿಯಾಗಿದ್ದರೆ ಹಳೆಯ ಮೂರಕ್ಷರದ ನಂಬರ್ ಇರಬೇಕು, 'ಕೆಎ' ಬಂದದ್ದು ಆಮೇಲೆ. ಕೆಎ 13 ಎಂದು ಇದ್ದರೆ ಮೊದಲು ಎಲ್ಲಿತ್ತು, ಯಾವಾಗ ಬದಲಾಯಿತು ಎಂದು ಕೇಳಿ. ಚಾಸಿ ಮತ್ತು ಎಂಜಿನ್ ನಂಬರನ್ನು ಎಣ್ಣೆಬಟ್ಟೆಯಿಂದ ಒರೆಸಿ, ಆರ್‌ಸಿ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ಹಳೇ ಗಾಡಿಗಳ ವಿವರ ಪುಸ್ತಕದಲ್ಲೇ ಉಳಿದು ಆನ್‌ಲೈನ್‌ಗೆ ಏರದಿರುವುದೂ ಉಂಟು. ಎಂ-ಪರಿವಾಹನ್‌ನಲ್ಲಿ ಸಿಗದಿದ್ದರೆ ಕಳ್ಳ ಗಾಡಿಯೇ ಆಗಬೇಕಿಲ್ಲ, ಆದರೆ ಆರ್‌ಟಿಒದಲ್ಲಿ ದಾಖಲೆ ಏರಿಸಿಕೊಡುವ ಕೆಲಸ ಮಾರುವವರದು.

ಮುಂದಿನ ವಾರ ಅವರಿಂದ ಮತ್ತೆ ಸಂದೇಶ ಬಂತು. ಚನ್ನರಾಯಪಟ್ಟಣಕ್ಕೆ ಹೋಗಿ ಗಾಡಿ ನೋಡಿ ಬಂದಿದ್ದರು. ಒಂದು ಸುತ್ತು ಓಡಿಸಿದ್ದಕ್ಕೇ ತಲೆ ಕೆಟ್ಟುಹೋಯಿತು ಎಂದರು, ಒಳ್ಳೆಯ ಅರ್ಥದಲ್ಲಿ. ನಂಬರ್‌ಗಳು ಸರಿಯಿದ್ದವು, ಆದರೆ ಆರ್‌ಸಿ 2010ಕ್ಕೇ ಮುಗಿದಿತ್ತು. ನವೀಕರಿಸಿ ಕೊಟ್ಟರೆ ಮಾತಾಡೋಣ ಎಂದು ಹೇಳಿ ಬಂದರಂತೆ. ಇತ್ತ ಫಾರಂ 31ಕ್ಕೆ ತಾಯಿಯ ಸಹಿ ಬೇಕಿತ್ತು. ಸಹಿ ಹಾಕುವಾಗ ಅವರು ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದ್ದು, ಆ ಹೊಸ ಗಾಡಿಯಲ್ಲಿ ಹಿಂದೆ ಕೂತು ಹಾಸನಕ್ಕೆ ಹೋಗಿ ಬರೋಕೆ ಆಗುತ್ತಾ ಎಂದು.