ಮೋಡವನ್ನು ಓದಬಲ್ಲವನಿಗೆ ಹಿಂತಿರುಗುವ ಹಕ್ಕುಂಟೆ?

ವಿಮಾನವೆಂದರೆ ಸಿರಿವಂತರ ಸವಾರಿ, ಅದರ ಗೊಡವೆ ನಮಗೇಕೆ ಎಂದು ಗಿರಣಿಯ ಗೆಳೆಯರು ಕೇಳಬಹುದು. ಹಾಗೆ ಕೇಳುವ ಕಾಲ ಎಂದೋ ಕಳೆದುಹೋಯಿತು. ದುಬಾಯಿ, ಮಸ್ಕತ್ತು, ಕುವೈತುಗಳಲ್ಲಿ ಗಾರೆ ಕೆಲಸ, ವೈರಿಂಗ್ ಕೆಲಸ, ಅಂಗಡಿ ಕೆಲಸ ಮಾಡುವ ನಮ್ಮ ಕರಾವಳಿಯ ಹುಡುಗರು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಊರ ಮುಖ ನೋಡುವುದು ವಿಮಾನ ಹತ್ತಿಯೇ. 2020ರ ಆಗಸ್ಟ್ 7ರ ರಾತ್ರಿ ಕೇರಳದ ಕಲ್ಲಿಕೋಟೆಯಲ್ಲಿ, ಗುಡ್ಡದ ಮೇಲೆ ಕಟ್ಟಿದ ರನ್‌ವೇಯನ್ನು ದಾಟಿ ಕೆಳಕ್ಕುರುಳಿ ಮುರಿದುಬಿದ್ದ ವಿಮಾನದಲ್ಲಿ ಕುಳಿತಿದ್ದವರು ಯಾರು? ಕೊರೋನಾ ಕಾಲದಲ್ಲಿ ಸರ್ಕಾರ ದುಬಾಯಿಯಿಂದ ಕರೆತರುತ್ತಿದ್ದ ಜನ. ಕೆಲಸ ಕಳೆದುಕೊಂಡು ಬರುತ್ತಿದ್ದವರೂ ಅದರಲ್ಲಿದ್ದರು. 190 ಮಂದಿಯಲ್ಲಿ 21 ಮಂದಿ ಸತ್ತರು. ಇಬ್ಬರು ಪೈಲಟ್ಟರೂ ಉಳಿಯಲಿಲ್ಲ.

ಆ ರಾತ್ರಿ ಮಳೆ ಸುರಿಯುತ್ತಿತ್ತು. ಅಷ್ಟು ಹೇಳಿ ಎಲ್ಲವನ್ನೂ ಮಳೆಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ. ಬಾಯ್ಲರು ಸಿಡಿದಾಗ "ವಿಧಿ" ಎಂದವರನ್ನು ನಾವು ಕಂಡಿಲ್ಲವೆ? ಆದುದರಿಂದ ಮಳೆ, ಮಂಜು, ಗುಡುಗುಗಳನ್ನು ವಿಮಾನ ನಡೆಸುವವರು ಹೇಗೆ ತಿಳಿಯುತ್ತಾರೆ, ತಿಳಿದ ಮೇಲೂ ಏಕೆ ಕೆಲವೊಮ್ಮೆ ಸಾಯುತ್ತಾರೆ ಎಂಬುದನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕಾಗಿದೆ.

ಮೋಡದೊಳಗೆ ಹೊಕ್ಕ ಪೈಲಟ್ಟನಿಗೆ ನೆಲವೂ ಕಾಣದು, ದಿಗಂತವೂ ಕಾಣದು. ನಮ್ಮನ್ನು ಬೀಳದಂತೆ ನಿಲ್ಲಿಸುವ ಕಿವಿಯೊಳಗಿನ ದ್ರವ ಅಲ್ಲಿ ಸುಳ್ಳು ಹೇಳತೊಡಗುತ್ತದೆ. ವಿಮಾನ ಒಂದು ಪಕ್ಕಕ್ಕೆ ವಾಲಿ ಒಂದೇ ಸಮನೆ ತಿರುಗುತ್ತಿದ್ದರೂ ನೆಟ್ಟಗೇ ಹೋಗುತ್ತಿದ್ದೇನೆಂದು ಅವನಿಗೆ ಅನ್ನಿಸುತ್ತದೆ. ತನ್ನ ಮೈಯನ್ನು ನಂಬದೆ ಎದುರಿನ ಮೀಟರುಗಳನ್ನೇ ನಂಬಿ ಹಾರುವುದನ್ನು ಅವನು ಬೇರೆಯಾಗಿ ಕಲಿಯಬೇಕು. ಅದಕ್ಕೆ ಬೇರೆ ಪರೀಕ್ಷೆ, ಬೇರೆ ಅರ್ಹತೆ. ಹವಾಮಾನದ್ದೇ ಒಂದು ಪ್ರಶ್ನೆಪತ್ರಿಕೆ ಉಂಟು. ನೂರಕ್ಕೆ ಎಪ್ಪತ್ತು ಅಂಕ ಬಾರದೆ ತೇರ್ಗಡೆಯಿಲ್ಲ. ನಮ್ಮ ಶಾಲೆಗಳಲ್ಲಿ ಮೂವತ್ತೈದಕ್ಕೆ ದಾಟಿಸುತ್ತಿದ್ದುದನ್ನು ನೆನೆದರೆ ಇದು ಕಡಮೆ ಶಿಸ್ತೇನಲ್ಲ.

ಆದರೆ ಆ ಮೀಟರುಗಳೂ ನೆಲದ ಮೇಲಿನವರ ಮಾತನ್ನು ನಂಬಿಯೇ ನಡೆಯುತ್ತವೆ. ಎತ್ತರ ತೋರಿಸುವ ಮೀಟರು ನಿಜವಾಗಿ ಅಳೆಯುವುದು ಗಾಳಿಯ ಒತ್ತಡವನ್ನು. ಇಳಿಯುವ ಊರಿನಲ್ಲಿ ಈ ಹೊತ್ತು ಒತ್ತಡ ಎಷ್ಟು ಎಂದು ಕೆಳಗಿನಿಂದ ಹೇಳಿದ ಅಂಕಿಗೆ ಪೈಲಟ್ಟ ಮುಳ್ಳನ್ನು ಹೊಂದಿಸಿಕೊಳ್ಳುತ್ತಾನೆ. ಅಂಕಿಯಲ್ಲಿ ಒಂದು ಹೆಕ್ಟೊಪಾಸ್ಕಲ್ ತಪ್ಪಿದರೆ ಎತ್ತರದಲ್ಲಿ ಸುಮಾರು 30 ಅಡಿ ತಪ್ಪಿತು. ಹತ್ತು ತಪ್ಪಿದರೆ 300 ಅಡಿ. ರೇಡಿಯೋ ದಾರಿ ಹಿಡಿದು ಇಳಿಯುವಾಗ ಸಾಮಾನ್ಯ ದರ್ಜೆಯ ವ್ಯವಸ್ಥೆಯಲ್ಲಿ 200 ಅಡಿಗೆ ಬರುವಷ್ಟರಲ್ಲಿ ರನ್‌ವೇ ಅಥವಾ ಅದರ ದೀಪ ಕಾಣಿಸಲೇಬೇಕು, ಇಲ್ಲವಾದರೆ ಮತ್ತೆ ಮೇಲೇರಬೇಕು ಎಂಬುದು ನಿಯಮ. ಅಂಥಲ್ಲಿ 300 ಅಡಿಯ ತಪ್ಪೆಂದರೆ ಏನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ತಕ್ಕಡಿಯ ಕಲ್ಲೇ ಸವೆದಿದ್ದರೆ ವ್ಯಾಪಾರಿ ಎಷ್ಟು ಪ್ರಾಮಾಣಿಕನಾದರೇನು?

ದೊಡ್ಡ ನಿಲ್ದಾಣಗಳಿಂದ ಅರ್ಧ ಗಂಟೆಗೊಮ್ಮೆ ಹವೆಯ ವರದಿ ಹೊರಡುತ್ತದೆ. ಗಾಳಿ ಯಾವ ದಿಕ್ಕಿನಿಂದ ಎಷ್ಟು ವೇಗದಲ್ಲಿ ಬೀಸುತ್ತಿದೆ, ಎಷ್ಟು ಮೀಟರು ದೂರ ಕಣ್ಣಿಗೆ ಕಾಣುತ್ತದೆ, ಮೋಡದ ತಳ ಎಷ್ಟು ಅಡಿಯಲ್ಲಿದೆ, ಉಷ್ಣತೆ ಎಷ್ಟು, ಇಬ್ಬನಿ ಕಟ್ಟುವ ಉಷ್ಣತೆ ಎಷ್ಟು, ಒತ್ತಡ ಎಷ್ಟು: ಇಷ್ಟೂ ಹಳೆಯ ತಂತಿ ಸಮಾಚಾರದಂತೆ ಮೊಟಕು ಅಕ್ಷರಗಳಲ್ಲಿ ಒಂದೆರಡು ಸಾಲು. ರಾತ್ರಿ ಆ ಎರಡು ಉಷ್ಣತೆಗಳೂ ಹತ್ತಿರ ಹತ್ತಿರ ಸರಿಯುತ್ತ, ಆಕಾಶ ತೆರವಾಗಿ, ಗಾಳಿ ಬಿದ್ದುಹೋಗಿದ್ದರೆ ಬೆಳಗಿನ ಜಾವಕ್ಕೆ ಮಂಜು ಕವಿಯಬಹುದೆಂದು ಬಲ್ಲವನು ಮಲಗುವ ಮೊದಲೇ ಹೇಳಬಲ್ಲ. ನೂಲುವ ಖಾತೆಯಲ್ಲಿ ಹವೆ ಒಣಗಿತೆಂದು ಯಂತ್ರದ ಮುಂದೆ ನಿಂತವನಿಗೆ ಎಳೆ ಕಡಿಯುವುದರಿಂದಲೇ ತಿಳಿಯುವುದಿಲ್ಲವೆ? ಅದೇ ಜಾತಿಯ ವಿದ್ಯೆ ಇದು.

ಮಂಜಿನಲ್ಲಿ ರನ್‌ವೇಯ ಮೇಲೆ ಎಷ್ಟು ದೂರ ಕಾಣುತ್ತದೆಂದು ಅಳೆಯುವ ಯಂತ್ರವನ್ನು ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯವರೇ ತಯಾರಿಸಿದ್ದಾರೆ. ಅದಕ್ಕೆ "ದೃಷ್ಟಿ" ಎಂದು ಹೆಸರು. ಒಂದು ಕಂಬದಿಂದ ಬೆಳಕು ಬಿಟ್ಟು ಇನ್ನೊಂದು ಕಂಬಕ್ಕೆ ಎಷ್ಟು ಮುಟ್ಟಿತೆಂದು ನೋಡುವುದು. ನಡುವೆ ಮಂಜು ನುಂಗಿದ್ದಷ್ಟೂ ಲೆಕ್ಕಕ್ಕೆ ಸಿಗುತ್ತದೆ. ದೇಶದ ಹಲವು ನಿಲ್ದಾಣಗಳಲ್ಲಿ ಇದನ್ನು ನಿಲ್ಲಿಸಿದ್ದಾರೆ. ಕನ್ನಡ ನಾಡಿನ ಕಾರ್ಯಾಗಾರದಿಂದ ಹೋದ ಈ ಉಪಕಾರವನ್ನು ನಮ್ಮ ಪತ್ರಿಕೆಗಳು ಇನ್ನಷ್ಟು ಬರೆಯಬಹುದಿತ್ತು.

ಇನ್ನು ಗುಡುಗುಮೋಡ. ಈ ಪಾಠ ಪುಸ್ತಕಕ್ಕೆ ಬಂದದ್ದು ಹೆಣಗಳ ಮೇಲೆ ನಡೆದು. 1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ಈಸ್ಟರ್ನ್ ಕಂಪನಿಯ ವಿಮಾನ ಬಿದ್ದು 113 ಜನ ಸತ್ತರು. ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿದ್ದ ಫುಜಿತಾ ಎಂಬ ವಿಜ್ಞಾನಿ ಅದರ ಕಾರಣ ಹುಡುಕಿದರು. ಇವರು ಜಪಾನಿನವರು, 1945ರಲ್ಲಿ ಅಣುಬಾಂಬು ಬಿದ್ದ ಊರುಗಳಿಗೆ ಹೋಗಿ ಮರಗಳು ನಡುಬಿಂದುವಿನಿಂದ ಸುತ್ತಲೂ ಹೊರಮುಖವಾಗಿ ಒರಗಿದ್ದುದನ್ನು ಕಂಡವರು. ಅಮೆರಿಕದ ಕಾಡುಗಳಲ್ಲಿ ಬಿರುಗಾಳಿಯ ನಂತರವೂ ಅದೇ ರೂಪ ಕಂಡಾಗ, ಗುಡುಗುಮೋಡದಿಂದ ಗಾಳಿ ಕೆಳಕ್ಕೆ ಅಪ್ಪಳಿಸಿ ನೆಲ ಮುಟ್ಟಿ ನಾಲ್ಕು ಕಡೆಗೂ ಹರಡುತ್ತದೆಂದು ತರ್ಕಿಸಿದರು. ತುಂಬಿದ ಕೊಡವನ್ನು ಅಂಗಳಕ್ಕೆ ಬೋರಲು ಹಾಕಿದರೆ ನೀರು ಸುತ್ತಲೂ ಚಿಮ್ಮುವಂತೆ. ಅದರೊಳಗೆ ಸಿಕ್ಕ ವಿಮಾನಕ್ಕೆ ಮೊದಲು ಎದುರುಗಾಳಿ ಸಿಗುತ್ತದೆ, ವಿಮಾನ ತೇಲುತ್ತದೆ. ಪೈಲಟ್ಟ ಇಂಜಿನ್ನಿನ ಬಲ ತಗ್ಗಿಸುತ್ತಾನೆ. ಮರುಗಳಿಗೆ ಮೇಲಿನಿಂದ ಒತ್ತು. ಅದರ ಬೆನ್ನಿಗೇ ಹಿಂದಿನಿಂದ ಗಾಳಿ. ರೆಕ್ಕೆಗೆ ಎತ್ತುವ ಶಕ್ತಿ ಬೇಕಾದ ಹೊತ್ತಿನಲ್ಲೇ ಅದು ಕೈಕೊಡುತ್ತದೆ.

ಪಂಡಿತರಲ್ಲಿ ಅನೇಕರು ಅವರ ಮಾತನ್ನು ಮೊದಲು ನಂಬಲಿಲ್ಲ. 1985ರ ಆಗಸ್ಟ್ 2ರಂದು ಡಲ್ಲಾಸಿನಲ್ಲಿ ಡೆಲ್ಟಾ ಕಂಪನಿಯ ವಿಮಾನ ಇಂಥದೇ ಗಾಳಿಗೆ ಸಿಕ್ಕಿ 137 ಜನ ಸತ್ತರು. ಎದುರಿನ ಮೋಡದಲ್ಲಿ ಮಿಂಚು ಹೊಡೆಯುವುದನ್ನು ಅದರ ಪೈಲಟ್ಟರು ಕಂಡಿದ್ದರು; ಆದರೆ ಅವರ ಮುಂದಿದ್ದ ವಿಮಾನ ಅದೇ ದಾರಿಯಲ್ಲಿ ಕ್ಷೇಮವಾಗಿ ಇಳಿದಿತ್ತು. 1988ರಲ್ಲಿ ಅಮೆರಿಕದ ಸರ್ಕಾರ ಪ್ರಯಾಣಿಕರ ವಿಮಾನಗಳಲ್ಲಿ ಈ ಗಾಳಿಯ ಎಚ್ಚರಿಕೆ ಕೊಡುವ ಯಂತ್ರ ಇರಲೇಬೇಕೆಂದು ನಿಯಮ ಮಾಡಿತು. 1975ರಿಂದ ಎಣಿಸಿದರೆ ಹದಿಮೂರು ವರ್ಷ!

ಈಗ ಕಲ್ಲಿಕೋಟೆಗೆ ಮರಳೋಣ. ಕ್ಯಾಪ್ಟನ್ ಹಿಂದೆ ವಾಯುಪಡೆಯಲ್ಲಿದ್ದವರು, ಹತ್ತು ಸಾವಿರ ಗಂಟೆಗೂ ಮಿಕ್ಕಿ ಹಾರಿದವರು. ಅವರಿಗೆ ಹವಾಮಾನ ಗೊತ್ತಿರಲಿಲ್ಲವೆಂದು ಹೇಳುವವನು ಮೂರ್ಖ. ಮೊದಲ ಸಲ ಪಡುವಣಕ್ಕೆ ಮುಖಮಾಡಿ ಇಳಿಯಲು ಬಂದಾಗ ಅವರ ಬದಿಯ ಗಾಜೊರೆಸುವ ವೈಪರ್ ನಿಂತುಹೋಯಿತು. ಮೇಲಕ್ಕೇರಿದರು, ಸರಿಯಾದ ಕೆಲಸವನ್ನೇ ಮಾಡಿದರು. ಎರಡನೆಯ ಸಲ ದಿಕ್ಕು ಬದಲಾಯಿತು. ಪೂರ್ವಕ್ಕೆ ಮುಖ, ಬೆನ್ನಿಗೆ ಗಾಳಿ. ಬೆನ್ನಗಾಳಿ ಮುಂದಕ್ಕೆ ತಳ್ಳುತ್ತದೆ, ತೋಯ್ದ ನೆಲ ಬ್ರೇಕು ಹಿಡಿಯಗೊಡದು. 8858 ಅಡಿ ಉದ್ದದ ರನ್‌ವೇಯಲ್ಲಿ 4438 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಮತ್ತೆ ಮೇಲೇರಿ ಎಂದು ಜೊತೆಯ ಪೈಲಟ್ಟರು ಹೇಳಿದರೂ ಆ ಮಾತು ನಡೆಯಲಿಲ್ಲ.

2021ರಲ್ಲಿ ಬಂದ ತನಿಖೆಯ ವರದಿ ಮೊದಲ ಬೆರಳನ್ನು ಕ್ಯಾಪ್ಟನರ ಕಡೆಗೇ ತೋರಿದೆ, ನಿಯಮ ಮೀರಿದರೆಂದು. ಅದನ್ನು ನಾವು ಮುಚ್ಚಿಡಬೇಕಾಗಿಲ್ಲ. ಆದರೆ ವರದಿ ಅಲ್ಲಿಗೇ ನಿಲ್ಲುವುದಿಲ್ಲ. ಮರುದಿನ ಬೆಳಿಗ್ಗೆ ಕಲ್ಲಿಕೋಟೆಯಿಂದ ಹೊರಡುವ ಇನ್ನೊಂದು ಹಾರಾಟಕ್ಕೂ ಅವರೇ ನೇಮಕವಾಗಿದ್ದರು. ಬೇರೆ ಊರಿಗೆ ವಿಮಾನ ತಿರುಗಿಸಿದ್ದರೆ ವಿಶ್ರಾಂತಿಯ ಗಂಟೆ ಸಾಲದೆ ಅದು ತಪ್ಪುತ್ತಿತ್ತು. ಅವರ ಬದಲಿಗೆ ನಿಲ್ಲಲು ಆ ಊರಿನಲ್ಲಿ ಸಾಕಷ್ಟು ಕ್ಯಾಪ್ಟನರಿರಲಿಲ್ಲ. ಇದು ಕಂಪನಿಯ ನೇಮಕ ನೀತಿಯ ದೋಷವೆಂದು ವರದಿಯೇ ಹೇಳುತ್ತದೆ. ಹವಾಮಾನದ ಎಚ್ಚರಿಕೆ ಜಾರಿಯಲ್ಲಿದ್ದಾಗ ಗೋಪುರದಲ್ಲಿ ಇರಲೇಬೇಕಾಗಿದ್ದ ಹವಾಮಾನ ನೌಕರರು ಅಪಘಾತದ ಹೊತ್ತಿನಲ್ಲಿ ಅಲ್ಲಿರಲಿಲ್ಲವೆಂಬುದನ್ನೂ ಅದರಲ್ಲಿಯೇ ಓದಬಹುದು. ಅಂದು ಆ ಕಂಪನಿ ಖಾಸಗಿ ಧಣಿಯದಲ್ಲ, ಸರ್ಕಾರದ್ದೇ ಆಗಿತ್ತು. ಇದನ್ನು ನಮ್ಮವರು ವಿಶೇಷವಾಗಿ ಗಮನಿಸಬೇಕು. ಬೋರ್ಡಿನ ಮೇಲೆ ಸರ್ಕಾರದ ಹೆಸರಿದ್ದ ಮಾತ್ರಕ್ಕೆ ಪಾಳಿಯ ಪಟ್ಟಿ ನ್ಯಾಯವಾಗಿಬಿಡುವುದಿಲ್ಲ.

ಇದೇ ಕಂಪನಿಯ ಇನ್ನೊಂದು ವಿಮಾನ, ಅದೂ ದುಬಾಯಿಯಿಂದಲೇ ಬರುತ್ತಿದ್ದುದು, 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ಗುಡ್ಡದಿಂದ ಉರುಳಿ 158 ಜನ ಸುಟ್ಟುಹೋದರು. ಅಂದು ಹವೆಯ ದೋಷವೇನೂ ಇರಲಿಲ್ಲ. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆಹೋಗಿದ್ದರೆಂದು ತನಿಖೆ ತಿಳಿಸಿತು. ಅಲ್ಲಿಯೂ ಜೊತೆಯ ಪೈಲಟ್ಟರು ಮೇಲೇರಿ ಎಂದಿದ್ದರು. ನಿದ್ದೆಗೆಟ್ಟ ಕಣ್ಣಿಗೆ ನಿರ್ಮಲವಾದ ಆಕಾಶವೂ ಒಂದೇ, ಕಾರ್ಮೋಡವೂ ಒಂದೇ.

2023ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಮಂಜು ಕವಿದು ವಿಮಾನಗಳು ಬೇರೆ ಬೇರೆ ಊರುಗಳಿಗೆ ಚದುರಿದವು. ದಟ್ಟ ಮಂಜಿನಲ್ಲೂ ಇಳಿಸುವ ಯಂತ್ರ ದೆಹಲಿಯಲ್ಲುಂಟು. ಅದನ್ನು ಬಳಸಲು ವಿಶೇಷ ತರಬೇತಿ ಪಡೆದ ಪೈಲಟ್ಟರು ಬೇಕು. ಅಂಥವರನ್ನು ಆ ಪಾಳಿಗೆ ಹಾಕದೆ ಹೋದದ್ದಕ್ಕಾಗಿ 2024ರ ಜನವರಿಯಲ್ಲಿ ಏರ್ ಇಂಡಿಯಾ ಮತ್ತು ಸ್ಪೈಸ್‌ಜೆಟ್‌ಗಳಿಗೆ ತಲಾ 30 ಲಕ್ಷ ರೂಪಾಯಿ ದಂಡ ಬಿತ್ತು. ಅದೇ ದಿನಗಳಲ್ಲಿ ಮುಂಬಯಿಯಲ್ಲಿ ಪ್ರಯಾಣಿಕರು ವಿಮಾನದ ಪಕ್ಕದ ನೆಲದ ಮೇಲೆ ಕುಳಿತು ಊಟ ಮಾಡಿದ ಚಿತ್ರ ಎಲ್ಲೆಲ್ಲೂ ಅಚ್ಚಾಯಿತು. ಪಾಳಿಯ ಪಟ್ಟಿಯ ಚಿತ್ರವನ್ನು ಯಾರು ಅಚ್ಚುಹಾಕುತ್ತಾರೆ?

2025ರ ಮೇ 21ರಂದು ದೆಹಲಿಯಿಂದ ಶ್ರೀನಗರಕ್ಕೆ ಹೊರಟ ಇಂಡಿಗೋ ವಿಮಾನಕ್ಕೆ ಪಠಾಣಕೋಟೆಯ ಬಳಿ ಗುಡುಗುಮೋಡ ಎದುರಾಯಿತು. ಪೈಲಟ್ಟರು ಅದನ್ನು ಕಂಡರು, ಪಕ್ಕಕ್ಕೆ ಸರಿಯಲು ಅನುಮತಿ ಕೇಳಿದರು. ಗಡಿಯಾಚೆಯ ಆಕಾಶ ಆಗ ನಮ್ಮ ವಿಮಾನಗಳಿಗೆ ಮುಚ್ಚಿತ್ತು. ನಮ್ಮವರೂ ಒಪ್ಪಲಿಲ್ಲ, ಲಾಹೋರಿನವರೂ ಒಪ್ಪಲಿಲ್ಲ. ಆಲಿಕಲ್ಲಿನ ನಡುವೆಯೇ ನುಗ್ಗಿ, ಮೂತಿ ಜಜ್ಜಿಹೋದ ವಿಮಾನವನ್ನು ಇನ್ನೂರಕ್ಕೂ ಹೆಚ್ಚು ಜನರೊಂದಿಗೆ ಅವರು ಕ್ಷೇಮವಾಗಿ ಇಳಿಸಿದರು. ಇಲ್ಲಿ ತಿಳಿವಳಿಕೆಗೆ ಏನು ಕೊರತೆಯಿತ್ತು? ಸರಿಯಲು ಜಾಗವಿರಲಿಲ್ಲ, ಅಷ್ಟೆ.

ಲಕ್ಷಗಟ್ಟಲೆ ಸಂಬಳ ಎಣಿಸುವವರ ಪರವಾಗಿ ಕೂಲಿಗಾರರ ಪತ್ರಿಕೆ ಏಕೆ ಮಾತನಾಡಬೇಕೆಂದು ಕೆಲವರು ಹುಬ್ಬುಗಂಟಿಕ್ಕಬಹುದು. ಅವರ ಸಂಬಳ ನಮ್ಮ ವಿಷಯವಲ್ಲ. ಅವರ ಬೆನ್ನ ಹಿಂದೆ ಸಾಲಾಗಿ ಕುಳಿತವರು ನಮ್ಮ ವಿಷಯ. ಪೈಲಟ್ಟರ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸುವ, ರಾತ್ರಿ ಇಳಿಸುವ ಸರದಿಗಳನ್ನು ಆರರಿಂದ ಎರಡಕ್ಕೆ ಇಳಿಸುವ ನಿಯಮ 2024ರಲ್ಲೇ ಬರೆದದ್ದು. ಪೂರ್ತಿ ಜಾರಿಗೆ ಬಂದದ್ದು 2025ರ ನವೆಂಬರಿನಲ್ಲಿ. ಮರುತಿಂಗಳೇ ದೇಶದ ಅತಿ ದೊಡ್ಡ ಕಂಪನಿಯಾದ ಇಂಡಿಗೋ ಸಾವಿರಾರು ಹಾರಾಟಗಳನ್ನು ರದ್ದುಮಾಡಿತು. ಸಾಕಷ್ಟು ಜನರನ್ನು ಮೊದಲೇ ನೇಮಿಸಿಕೊಳ್ಳದವರಿಗೆ ಶಿಕ್ಷೆಯಾಗುವ ಮೊದಲು ಸಿಕ್ಕಿದ್ದು ರಾತ್ರಿಯ ನಿಯಮದಿಂದ ಕೆಲಕಾಲ ವಿನಾಯಿತಿ! ಗಿರಣಿಯಲ್ಲಿ ಎರಡನೆಯ ಪಾಳಿ ಮುಗಿಸಿದವನನ್ನು ಮೂರನೆಯದಕ್ಕೂ ನಿಲ್ಲಿಸಿಕೊಂಡವರ ಲೆಕ್ಕಾಚಾರಕ್ಕೂ ಇದಕ್ಕೂ ಹೆಚ್ಚು ಅಂತರ ನನಗೆ ಕಾಣುವುದಿಲ್ಲ.

ಹವೆ ಕೆಟ್ಟಿತೆಂದು ವಿಮಾನವನ್ನು ಬೇರೆಡೆಗೆ ತಿರುಗಿಸಿದರೆ ಎಣ್ಣೆಯ ಖರ್ಚು, ಪ್ರಯಾಣಿಕರ ಸಿಟ್ಟು, ಮರುದಿನದ ಪಾಳಿಯ ಗೊಂದಲ ಎಲ್ಲವೂ ಕಂಪನಿಗೆ ಬರುತ್ತವೆ. ಆ ಭಾರವನ್ನು ಕಂಪನಿಯೇ ಹೊರಬೇಕು. ಕತ್ತಲೆಯಲ್ಲಿ ಮಳೆಯ ನಡುವೆ ಕುಳಿತವನ ಹೆಗಲಿಗೆ ಅದನ್ನು ದಾಟಿಸಕೂಡದು. ಪ್ರಯಾಣಿಕರಾದ ನಮ್ಮವರೂ ಒಂದು ಮಾತು ಕೇಳಬೇಕು. ಮಂಗಳೂರಿಗೆಂದು ಹೊರಟ ವಿಮಾನ ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಇಳಿದಾಗ ಗಗನಸಖಿಯ ಮೇಲೆ ಹರಿಹಾಯುವುದು ಬಿಡಿ. ಅದು ನಿಮಗೆ ಆದ ಅನ್ಯಾಯವಲ್ಲ.

ಬಜ್ಪೆ ಗುಡ್ಡದ ಮೇಲೆಯೇ ಇದೆ, ಮುಂಗಾರು ವರ್ಷವರ್ಷವೂ ಬರುತ್ತದೆ. ಕರಾವಳಿಯ ಲೋಕಸಭಾ ಸದಸ್ಯರು ಮುಂದಿನ ಅಧಿವೇಶನದಲ್ಲಿ ಮೂರು ಪ್ರಶ್ನೆ ಕೇಳಲಿ: ಕಳೆದ ಮಳೆಗಾಲದಲ್ಲಿ ಹವೆಯ ಕಾರಣದಿಂದ ಬಜ್ಪೆಯಿಂದ ಬೇರೆಡೆಗೆ ತಿರುಗಿದ ವಿಮಾನಗಳೆಷ್ಟು; ಹಾಗೆ ತಿರುಗಿಸಿದ್ದಕ್ಕೆ ಕಂಪನಿಯಿಂದ ವಿವರಣೆ ಕೇಳಿಸಿಕೊಂಡ ಪೈಲಟ್ಟರೆಷ್ಟು; ಅಲ್ಲಿ ಹವಾಮಾನದ ಕೆಲಸಕ್ಕೆ ಮಂಜೂರಾದ ಹುದ್ದೆಗಳಲ್ಲಿ ಖಾಲಿ ಇರುವುದೆಷ್ಟು. ಉತ್ತರ ಬಂದರೆ ಇದೇ ಪುಟದಲ್ಲಿ ಅಚ್ಚುಮಾಡುತ್ತೇವೆ.